ಕುದುರೆಮರಿಯ ಕಲಿಕೆ ಮತ್ತು ಒಡೆಯನ ಆತುರ

1874ರ ಸೆಪ್ಟೆಂಬರ್ ತಿಂಗಳಲ್ಲಿ ಅಮೆರಿಕದ ಬಾಸ್ಟನ್ ನಗರದ ಪಂದ್ಯಭೂಮಿಯೊಂದರಲ್ಲಿ ಗೋಲ್ಡ್‌ಸ್ಮಿತ್ ಮೇಯ್ಡ್ ಎಂಬ ಹೆಣ್ಣುಕುದುರೆಯು ಹಗುರವಾದ ಗಾಡಿಯನ್ನೆಳೆಯುತ್ತ ಒಂದು ಮೈಲಿ ದೂರವನ್ನು 2 ನಿಮಿಷ 14 ಸೆಕೆಂಡುಗಳಲ್ಲಿ ಕ್ರಮಿಸಿತು. ಅಂದಿಗೆ ಅದು ಲೋಕದಾಖಲೆ. ಆಗ ಅದರ ವಯಸ್ಸು ಹದಿನೇಳು ವರ್ಷ. ಇದಾದ ಹದಿನೇಳು ವರ್ಷಗಳ ನಂತರ, 1891ರ ನವೆಂಬರ್ ತಿಂಗಳಲ್ಲಿ, ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್‌ನಲ್ಲಿ ಏರಿಯನ್ ಎಂಬ ಮತ್ತೊಂದು ಕುದುರೆ ಅಷ್ಟೇ ದೂರವನ್ನು 2 ನಿಮಿಷ 10¾ ಸೆಕೆಂಡುಗಳಲ್ಲಿ ಓಡಿತು. ಅದರ ವಯಸ್ಸು ಕೇವಲ ಎರಡು ವರ್ಷ. ಬಾಯಲ್ಲಿ ಹಾಲುಹಲ್ಲುಗಳು ಇನ್ನೂ ಬಿದ್ದು ಮುಗಿಯದ ಮರಿ ಅದು.

ಈ ಎರಡು ಘಟನೆಗಳ ನಡುವಣ ಅವಧಿಯಲ್ಲಿ ಬದಲಾದುದು ಕುದುರೆಯ ದೇಹವಲ್ಲ. ಹದಿನೇಳು ವರ್ಷಗಳಲ್ಲಿ ಯಾವ ಪ್ರಾಣಿಯ ಮೂಳೆಯೂ ಸ್ನಾಯುವೂ ಹೊಸದಾಗಿ ರೂಪುಗೊಳ್ಳುವುದಿಲ್ಲ. ಬದಲಾದುದು ಕುದುರೆಯನ್ನು ಯಾವಾಗ ಪಳಗಿಸಬೇಕು, ಎಷ್ಟು ಬೇಗ ಅದರಿಂದ ಕೆಲಸವನ್ನು ಕೇಳಬೇಕು ಎಂಬ ಬಗೆಗಿನ ಮನುಷ್ಯನ ಅಭಿಪ್ರಾಯ. ಆ ಬದಲಾವಣೆಯ ಚರಿತ್ರೆಯಲ್ಲಿ ಜ್ಞಾನವೂ ಇದೆ, ಲೋಭವೂ ಇದೆ. ಅವೆರಡನ್ನು ಬೇರ್ಪಡಿಸಿ ನೋಡುವುದು, ಪ್ರಾಣಿಯೊಂದನ್ನು ತನ್ನ ಸ್ವಾಧೀನದಲ್ಲಿಟ್ಟುಕೊಳ್ಳುವ ಯಾವ ಗೃಹಸ್ಥನಿಗೂ ಪ್ರಯೋಜನಕರವಾದ ವಿಚಾರ.

ಇಲ್ಲಿ ಹೇಳುತ್ತಿರುವುದು ಬೆಂಗಳೂರು, ಮೈಸೂರುಗಳಲ್ಲಿ ಕಾಣುವ, ಬೆನ್ನ ಮೇಲೆ ಸವಾರನನ್ನು ಹೊತ್ತು ನಾಗಾಲೋಟದಲ್ಲಿ ಓಡುವ ಪಂದ್ಯದ ವಿಷಯವಲ್ಲ. ಗಾಡಿ ಪಂದ್ಯದಲ್ಲಿ ಕುದುರೆಯು ಸಲ್ಕಿ ಎಂಬ ಎರಡು ಚಕ್ರದ ಹಗುರ ಗಾಡಿಗೆ ಹೂಡಲ್ಪಟ್ಟಿರುತ್ತದೆ. ಚಾಲಕನು ಅದರ ಹಿಂದೆ ಕುಳಿತು ಉದ್ದನೆಯ ಲಗಾಮಿನಿಂದ ಅದನ್ನು ನಡೆಸುತ್ತಾನೆ. ಕುದುರೆಯು ಎದುರು ಬದಿಯ ಮುಂಗಾಲು ಹಿಂಗಾಲುಗಳನ್ನು ಜೊತೆಯಾಗಿ ಎತ್ತಿ ಹಾಕುವ ಟ್ರಾಟ್ ಎಂಬ ನಡೆಯಲ್ಲಿ, ಅಥವಾ ಒಂದೇ ಬದಿಯ ಕಾಲುಗಳನ್ನು ಜೊತೆಯಾಗಿ ಹಾಕುವ ಪೇಸ್ ಎಂಬ ನಡೆಯಲ್ಲಿ ಓಡಬೇಕು. ನಡೆ ತಪ್ಪಿ ನಾಗಾಲೋಟಕ್ಕೆ ಇಳಿದರೆ ಚಾಲಕನು ಅದನ್ನು ಹಿಡಿದು ಮರಳಿ ಸರಿಯಾದ ನಡೆಗೆ ತರಬೇಕು. ಆದಕಾರಣ ಈ ಪಂದ್ಯದಲ್ಲಿ ವೇಗದಷ್ಟೇ ಸಂಯಮಕ್ಕೂ ಬೆಲೆಯುಂಟು. ಭಯದಿಂದ ಓಡುವ ಕುದುರೆ ನಡೆ ತಪ್ಪುತ್ತದೆ. ಕಲಿತು ಓಡುವ ಕುದುರೆ ಮಾತ್ರ ಗೆಲ್ಲುತ್ತದೆ.

ತಡವಾಗಿ ಬಂದವರ ಕಾಲ

ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ಗಾಡಿಕುದುರೆಗಳು ಪಂದ್ಯಕ್ಕಾಗಿಯೇ ಹುಟ್ಟಿದವುಗಳಾಗಿರಲಿಲ್ಲ. ಅವು ಹೊಲದಲ್ಲಿ, ಬೀದಿಯಲ್ಲಿ, ವ್ಯಾಪಾರಿಗಳ ಬಂಡಿಗಳಲ್ಲಿ ದುಡಿಯುತ್ತಿದ್ದವು. ಅವುಗಳ ವೇಗವು ಆಕಸ್ಮಿಕವಾಗಿ ಯಾರದೋ ಕಣ್ಣಿಗೆ ಬಿದ್ದ ಮೇಲೆ ಪಂದ್ಯಭೂಮಿಗೆ ಬರುತ್ತಿದ್ದವು. 1833ರಲ್ಲಿ ಹುಟ್ಟಿದ ಲೇಡಿ ಸಫೋಕ್ ಎಂಬ ಬೂದುಬಣ್ಣದ ಹೆಣ್ಣುಕುದುರೆ 1845ರಲ್ಲಿ, ತನ್ನ ಹನ್ನೆರಡನೆಯ ವಯಸ್ಸಿನಲ್ಲಿ, ಒಂದು ಮೈಲಿಯನ್ನು ಎರಡೂವರೆ ನಿಮಿಷದೊಳಗೆ ಓಡಿ ಹೆಸರಾಯಿತು. 1845ರಲ್ಲಿ ಹುಟ್ಟಿದ ಫ್ಲೋರಾ ಟೆಂಪಲ್ 1859ರಲ್ಲಿ ಮಿಷಿಗನ್‌ನ ಕಾಲಮಜೂ ಎಂಬಲ್ಲಿ 2 ನಿಮಿಷ 19¾ ಸೆಕೆಂಡುಗಳ ದಾಖಲೆಯನ್ನು ಸ್ಥಾಪಿಸಿದಾಗ ಅದಕ್ಕೆ ಹದಿನಾಲ್ಕು ವರ್ಷ. 1857ರಲ್ಲಿ ನ್ಯೂಜೆರ್ಸಿಯ ರೈತನೊಬ್ಬನ ಮನೆಯಲ್ಲಿ ಹುಟ್ಟಿದ ಗೋಲ್ಡ್‌ಸ್ಮಿತ್ ಮೇಯ್ಡ್ ತೀರ ಚಂಚಲ ಸ್ವಭಾವದ್ದಾಗಿದ್ದುದರಿಂದ ಹೊಲದ ಕೆಲಸಕ್ಕೆ ಬಾರದೆ ಉಳಿದಿತ್ತು. ಅದು ಮೊದಲ ಬಾರಿಗೆ ಪಂದ್ಯಕ್ಕಿಳಿದದ್ದು ಎಂಟನೆಯ ವಯಸ್ಸಿನಲ್ಲಿ. 1877ರಲ್ಲಿ, ಇಪ್ಪತ್ತು ವರ್ಷ ತುಂಬಿದಾಗಲೂ ಅದು ಓಡುತ್ತಿತ್ತು.

ಇಂತಹ ಕುದುರೆಗಳನ್ನು ಕಂಡು ಬೆಳೆದವನು ಹೈರಮ್ ವುಡ್ರಫ್ ಎಂಬ ಪ್ರಸಿದ್ಧ ಶಿಕ್ಷಕ. 1817ರಲ್ಲಿ ಹುಟ್ಟಿ ಬಾಲ್ಯದಿಂದಲೂ ಲಾಯದಲ್ಲೇ ಜೀವಿಸಿದ ಈತನು ಫ್ಲೋರಾ ಟೆಂಪಲ್ ಹಾಗೂ ಡೆಕ್ಸ್‌ಟರ್ ಎಂಬ ಹೆಸರಾಂತ ಕುದುರೆಗಳನ್ನು ನಡೆಸಿದವನು. ತನ್ನ ಅನುಭವವನ್ನು ಲೇಖನಗಳ ರೂಪದಲ್ಲಿ ಬರೆಯಿಸಿದ. 1867ರಲ್ಲಿ ಅವನು ತೀರಿಕೊಂಡ ಮರುವರ್ಷ ಆ ಲೇಖನಗಳು ಅಮೆರಿಕದ ಟ್ರಾಟಿಂಗ್ ಕುದುರೆಯನ್ನು ಕುರಿತ ಗ್ರಂಥವಾಗಿ ಪ್ರಕಟವಾದವು. ಮರಿಯನ್ನು ಮೃದುವಾಗಿ ಮುಟ್ಟಿ, ಮಾತನಾಡಿಸಿ, ಮನುಷ್ಯನ ಸಹವಾಸಕ್ಕೆ ಒಗ್ಗಿಸುವುದನ್ನು ಅವನು ಒಪ್ಪುತ್ತಿದ್ದ. ಆದರೆ ಧಾನ್ಯವನ್ನು ಯಥೇಚ್ಛವಾಗಿ ತಿನ್ನಿಸಿ, ಮೈಯನ್ನು ಬೇಗ ಬೆಳೆಯಿಸಿ, ಎಳೆಯ ವಯಸ್ಸಿನಲ್ಲೇ ವೇಗವನ್ನು ಹಿಂಡುವ ಪದ್ಧತಿಯನ್ನು ಅವನು ಖಂಡಿಸಿದ. ಗಾಡಿಕುದುರೆ ತಡವಾಗಿ ಪಕ್ವವಾಗುವ ಪ್ರಾಣಿ, ಕಾಯುವವನಿಗೆ ಅದು ಹಲವು ವರ್ಷ ಫಲ ಕೊಡುತ್ತದೆ ಎಂಬುದು ಅವನ ನಿಲುವು.

ಆದರೆ ತಡವಾಗಿ ಆರಂಭಿಸಿದ ಮಾತ್ರಕ್ಕೆ ಅದು ದಯೆಯೆಂದು ಭಾವಿಸಲಾಗದು. ಲೇಡಿ ಸಫೋಕ್ ಹದಿನೈದು ವರ್ಷಗಳ ಅವಧಿಯಲ್ಲಿ ನೂರೈವತ್ತಕ್ಕೂ ಹೆಚ್ಚು ಪಂದ್ಯಗಳಲ್ಲಿ ಓಡಬೇಕಾಯಿತು. ಆ ಕಾಲದ ಒಂದು ಪಂದ್ಯವೆಂದರೆ ಒಂದೇ ಓಟವಲ್ಲ. ಅದೇ ದಿನ ಮೈಲಿಗೆ ಮೈಲಿಯಂತೆ ಮೂರು ನಾಲ್ಕು ಸುತ್ತುಗಳನ್ನು ಓಡಿಸುವುದು ವಾಡಿಕೆಯಾಗಿತ್ತು. ಪ್ರೌಢ ಕುದುರೆಯಾಗಿದ್ದರೂ ದುಡಿಮೆಗೆ ಮಿತಿ ಬೇಕೆಂಬುದನ್ನು ಅದರ ಬದುಕು ತೋರಿಸುತ್ತದೆ. ವಯಸ್ಸು ಒಂದು ಅಳತೆ ಮಾತ್ರ, ಮಿತಿ ಇನ್ನೊಂದು.

ಪಾಲೊ ಆಲ್ಟೊದ ಶಿಶುವಿಹಾರ

ಈ ಹಳೆಯ ಪದ್ಧತಿಯನ್ನು ತಲೆಕೆಳಗು ಮಾಡಿದವನು ಲೀಲಂಡ್ ಸ್ಟ್ಯಾನ್‌ಫರ್ಡ್. ಕ್ಯಾಲಿಫೋರ್ನಿಯಾದ ಮಾಜಿ ರಾಜ್ಯಪಾಲನೂ ರೈಲುಮಾರ್ಗದ ಕಂಪನಿಯೊಂದರ ಅಧ್ಯಕ್ಷನೂ ಆಗಿದ್ದ ಈತನು 1876ರಲ್ಲಿ ಪಾಲೊ ಆಲ್ಟೊ ಎಂಬಲ್ಲಿ ಜಮೀನು ಕೊಂಡು ಕುದುರೆಗಳ ತಳಿಸಾಕಣೆಯನ್ನು ಆರಂಭಿಸಿದ. ಅದೇ ವರ್ಷ ನ್ಯೂಯಾರ್ಕ್ ಪ್ರಾಂತದಿಂದ ಇಲೆಕ್ಷನೀರ್ ಎಂಬ ಬೀಜದ ಕುದುರೆಯನ್ನು ತರಿಸಿದ. ಅದು ಹ್ಯಾಂಬಲ್ಟೋನಿಯನ್ ಎಂಬ ಮೂಲಕುದುರೆಯ ಮಗ. 1849ರಿಂದ 1876ರವರೆಗೆ ಬದುಕಿದ್ದ ಹ್ಯಾಂಬಲ್ಟೋನಿಯನ್‌ನ ಸಂತತಿಯಿಂದಲೇ ಇಂದಿನ ಸ್ಟ್ಯಾಂಡರ್ಡ್‌ಬ್ರೆಡ್ ತಳಿಯ ಬಹುಪಾಲು ಕುದುರೆಗಳು ಇಳಿದುಬಂದಿವೆ. ಕುದುರೆ ಓಡುವಾಗ ನಾಲ್ಕೂ ಕಾಲುಗಳು ಒಮ್ಮೆಲೇ ನೆಲವನ್ನು ಬಿಡುತ್ತವೆಯೇ ಎಂಬ ಪ್ರಶ್ನೆಗೆ 1878ರಲ್ಲಿ ಎಡ್ವರ್ಡ್ ಮೈಬ್ರಿಜ್‌ನಿಂದ ಛಾಯಾಚಿತ್ರಗಳ ಮೂಲಕ ಉತ್ತರ ಪಡೆದವನೂ ಇದೇ ಸ್ಟ್ಯಾನ್‌ಫರ್ಡ್. ಆ ಪ್ರಯೋಗದಲ್ಲಿ ಗಾಡಿಕುದುರೆಯನ್ನು ನಡೆಸಿದ ಚಾರ್ಲ್ಸ್ ಮಾರ್ವಿನ್ ಎಂಬಾತನೇ ಪಾಲೊ ಆಲ್ಟೊದ ಮುಖ್ಯ ಶಿಕ್ಷಕ.

ಸ್ಟ್ಯಾನ್‌ಫರ್ಡ್‌ನ ವಿಚಾರ ಸರಳವಾದದ್ದು. ಕುದುರೆಗೆ ಓಟವನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಹುಟ್ಟಿದ ಕೆಲವೇ ಗಂಟೆಗಳಲ್ಲಿ ಮರಿಯು ತಾಯಿಯ ಬೆನ್ನ ಹಿಂದೆ ಓಡುತ್ತದೆ. ಹಾಗಾದರೆ ಅದರ ಸಹಜವಾದ ಆಟವನ್ನೇ ಶಿಕ್ಷಣವನ್ನಾಗಿ ಏಕೆ ಮಾರ್ಪಡಿಸಬಾರದು? ಈ ಆಲೋಚನೆಯಿಂದ ಅವನು ಅಂಡಾಕಾರದ ಒಂದು ಪುಟ್ಟ ಓಟದ ಹಾದಿಯನ್ನು ನಿರ್ಮಿಸಿದ. ಒಳಬದಿಗೂ ಹೊರಬದಿಗೂ ಬೇಲಿ. ತಾಯಿಹಾಲು ಬಿಡಿಸಿದ ಮರಿಗಳನ್ನು ಗಾಡಿಯಿಲ್ಲದೆ, ಲಗಾಮಿಲ್ಲದೆ ಅದರೊಳಗೆ ಬಿಡುವರು. ನಡುವೆ ನಿಂತ ಆಳುಗಳು ಅವುಗಳನ್ನು ಟ್ರಾಟ್ ನಡೆಯಲ್ಲೇ ಇರಿಸುತ್ತ, ಆಗಾಗ ದಿಕ್ಕು ಬದಲಾಯಿಸುತ್ತ, ದಣಿಯುವುದಕ್ಕೆ ಮೊದಲೇ ಹೊರಗೆ ಬಿಡುವರು. ಮಕ್ಕಳ ಶಾಲೆಯ ಹೆಸರನ್ನೇ ಇದಕ್ಕಿಟ್ಟು ‘ಕಿಂಡರ್‌ಗಾರ್ಟನ್’ ಎಂದು ಕರೆದರು. ಲಾಯದಲ್ಲಿ ಕುದುರೆಯನ್ನು ಬಯ್ಯುವುದಾಗಲಿ ಹೊಡೆಯುವುದಾಗಲಿ ಕೂಡದೆಂಬ ಕಟ್ಟಳೆಯೂ ಇತ್ತು.

ಮರಿ ಬೆಳೆದು ಗಾಡಿಗೆ ಹೂಡಿದ ಮೇಲೆಯೂ ಇದೇ ತತ್ತ್ವ ಮುಂದುವರಿಯಿತು. ಹಳೆಯ ಶಿಕ್ಷಕರು ಮೈಲಿಗಟ್ಟಲೆ ನಿಧಾನವಾಗಿ ಓಡಿಸಿ ಕುದುರೆಯನ್ನು ಗಟ್ಟಿಮಾಡುತ್ತಿದ್ದರು. ಪಾಲೊ ಆಲ್ಟೊದಲ್ಲಿ ಕಾಲುಮೈಲಿ ಅಥವಾ ಅದಕ್ಕಿಂತ ಕಡಿಮೆ ದೂರವನ್ನು ವೇಗವಾಗಿ ಓಡಿಸಿ, ಉಸಿರು ಬಿಡಲು ಅವಕಾಶ ಕೊಟ್ಟು, ಮತ್ತೆ ಅಷ್ಟೇ ದೂರ ಓಡಿಸುತ್ತಿದ್ದರು. ಮಾರ್ವಿನ್ 1890ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಈ ಪದ್ಧತಿಯನ್ನು ವಿಸ್ತಾರವಾಗಿ ವಿವರಿಸಿದ.

ಫಲಿತಾಂಶಗಳು ಲೋಕವನ್ನು ಬೆರಗುಗೊಳಿಸಿದವು. 1881ರಲ್ಲಿ ಹಿಂಡಾ ರೋಸ್ ಎಂಬ ಒಂದು ವರ್ಷದ ಮರಿ ಮೈಲಿಯನ್ನು 2 ನಿಮಿಷ 36½ ಸೆಕೆಂಡುಗಳಲ್ಲಿ ಓಡಿತು. ಅದೇ ವರ್ಷ ಎರಡು ವರ್ಷದ ವೈಲ್ಡ್‌ಫ್ಲವರ್ 2 ನಿಮಿಷ 21 ಸೆಕೆಂಡುಗಳ ದಾಖಲೆ ಮಾಡಿತು. 1889ರಲ್ಲಿ ಮೂರು ವರ್ಷದ ಸುನೋಲ್ 2 ನಿಮಿಷ 10½ ಸೆಕೆಂಡುಗಳಿಗೆ ಇಳಿಸಿತು. 1891ರಲ್ಲಿ ಏರಿಯನ್ ಓಡಿದ ಮೇಲೆ ಬಾಸ್ಟನ್ನಿನ ಧನಿಕನೊಬ್ಬನು ಅದಕ್ಕೆ 1,25,000 ಡಾಲರ್ ಬೆಲೆ ಕೊಟ್ಟನು. ಎರಡು ವರ್ಷದ ಮರಿಗೆ ಇಷ್ಟು ಬೆಲೆ ಸಿಗುವುದಾದರೆ ಎಂಟು ವರ್ಷ ಕಾಯುವವರು ಯಾರು?

ಇಲ್ಲಿ ಒಂದು ಸೂಕ್ಷ್ಮವಿದೆ. ಶಿಶುವಿಹಾರದ ಶಿಕ್ಷಣಕ್ಕೂ ಗಡಿಯಾರದ ಪರೀಕ್ಷೆಗೂ ಅನಿವಾರ್ಯ ಸಂಬಂಧವೇನೂ ಇರಲಿಲ್ಲ. ಮರಿಯನ್ನು ಸ್ವತಂತ್ರವಾಗಿ ಆಡಿಸಿ, ದಣಿಯುವ ಮೊದಲು ನಿಲ್ಲಿಸುವುದು ಒಂದು ಕ್ರಮ. ಅದೇ ಮರಿಯನ್ನು ಗಾಡಿಗೆ ಹೂಡಿ ಪೂರ್ತಿ ಮೈಲಿಯನ್ನು ಶಕ್ತಿಮೀರಿ ಓಡಿಸಿ ದಾಖಲೆ ಬರೆಯುವುದು ಬೇರೊಂದು ಕ್ರಮ. ಮೊದಲನೆಯದು ಮರಿಯ ಹಿತಕ್ಕೆ ಒದಗಬಹುದು, ಎರಡನೆಯದು ಒಡೆಯನ ಕೀರ್ತಿಗೆ ಮಾತ್ರ. ಸ್ಟ್ಯಾನ್‌ಫರ್ಡ್‌ನಲ್ಲಿ ಇವೆರಡೂ ಕೂಡಿಕೊಂಡಿದ್ದವು. ಅವನ ಪದ್ಧತಿಯಲ್ಲಿ ವೇಗವನ್ನು ಅನುಕರಿಸುವುದು ಸುಲಭ. ದಣಿವಿಗೆ ಮೊದಲು ನಿಲ್ಲಿಸುವ ಸಂಯಮವನ್ನು ಅನುಕರಿಸುವುದು ಕಷ್ಟ.

ಎಳೆಯ ವಯಸ್ಸಿನ ವೇಗ ಎಲ್ಲ ಕುದುರೆಗಳನ್ನೂ ಕೆಡಿಸಿತೆಂದು ಹೇಳುವುದು ಸತ್ಯಕ್ಕೆ ದೂರ. ಏರಿಯನ್ ನಾಲ್ಕನೆಯ ವಯಸ್ಸಿನಲ್ಲಿ ತನ್ನ ಹಳೆಯ ದಾಖಲೆಗಿಂತ ಮೂರು ಸೆಕೆಂಡು ಬೇಗನೆ ಓಡಿತು. ಸುನೋಲ್ 1891ರಲ್ಲಿ ಐದನೆಯ ವಯಸ್ಸಿನಲ್ಲಿ 2 ನಿಮಿಷ 8¼ ಸೆಕೆಂಡುಗಳ ಲೋಕದಾಖಲೆಯನ್ನು ಮಾಡಿತು. ಆದರೆ ಒಂದೇ ವರ್ಷದೊಳಗೆ, ಗಾಳಿ ತುಂಬಿದ ಚಕ್ರಗಳ ಹೊಸ ಸಲ್ಕಿ ಬಂದೊಡನೆ, ಆರು ವರ್ಷದ ನ್ಯಾನ್ಸಿ ಹ್ಯಾಂಕ್ಸ್ ಅದನ್ನು ಮೀರಿ 1892ರಲ್ಲಿ 2 ನಿಮಿಷ 4 ಸೆಕೆಂಡುಗಳಿಗೆ ತಲುಪಿತು. ಎಳೆಯ ಎಲುಬುಗಳಿಂದ ವರ್ಷಗಟ್ಟಲೆ ಹಿಂಡಿ ತೆಗೆದ ಸೆಕೆಂಡುಗಳಿಗಿಂತ ಹೆಚ್ಚಿನ ಸೆಕೆಂಡುಗಳನ್ನು ಒಂದು ಚಕ್ರದ ಸುಧಾರಣೆ ಅನಾಯಾಸವಾಗಿ ಕೊಟ್ಟಿತು.

ಇದೇ ಕಾಲದ ಇನ್ನೊಬ್ಬ ಗೃಹಸ್ಥನನ್ನೂ ಇಲ್ಲಿ ಸ್ಮರಿಸಬೇಕು. ನ್ಯೂಯಾರ್ಕಿನ ಪತ್ರಿಕಾ ಪ್ರಕಾಶಕ ರಾಬರ್ಟ್ ಬಾನರ್ ಅಂದಿನ ಅತಿವೇಗದ ಕುದುರೆಗಳಾದ ಡೆಕ್ಸ್‌ಟರ್, ಮಾಡ್ ಎಸ್., ಸುನೋಲ್ ಮೊದಲಾದವುಗಳನ್ನು ಭಾರಿ ಬೆಲೆ ಕೊಟ್ಟು ಕೊಂಡನು. ಆದರೆ ಜೂಜನ್ನು ಪಾಪವೆಂದು ತಿಳಿದಿದ್ದ ಅವನು ತನ್ನ ಕುದುರೆಗಳನ್ನು ಹಣದ ಪಂದ್ಯಕ್ಕೆ ಎಂದೂ ಇಳಿಸಲಿಲ್ಲ. ತಾನೇ ಗಾಡಿ ನಡೆಸಿ ಸಂತೋಷಪಟ್ಟನು. ಸಂಪತ್ತು ಅವನಲ್ಲೂ ಇತ್ತು, ವೇಗದ ಮೋಹವೂ ಇತ್ತು. ಆದರೆ ಒಂದು ಗೆರೆಯನ್ನು ದಾಟದಿರುವ ನಿಯಮವನ್ನು ಅವನು ತನಗೆ ತಾನೇ ವಿಧಿಸಿಕೊಂಡಿದ್ದನು.

ಹಣದ ಪಂಚಾಂಗ

ಇಪ್ಪತ್ತನೆಯ ಶತಮಾನಕ್ಕೆ ಬಂದಾಗ ಕುದುರೆಯನ್ನು ಯಾವಾಗ ಹೂಡಬೇಕೆಂಬುದನ್ನು ಶಿಕ್ಷಕನಾಗಲಿ ಒಡೆಯನಾಗಲಿ ನಿರ್ಧರಿಸುವ ಸ್ಥಿತಿ ಉಳಿಯಲಿಲ್ಲ. ಬಹುಮಾನಗಳ ವ್ಯವಸ್ಥೆಯೇ ಅದನ್ನು ನಿರ್ಧರಿಸತೊಡಗಿತು. 1893ರಲ್ಲಿ ಆರಂಭವಾದ ಕೆಂಟಕಿ ಫ್ಯೂಚುರಿಟಿ, 1926ರಲ್ಲಿ ಸಿರಾಕ್ಯೂಸ್‌ನಲ್ಲಿ ಮೊದಲು ನಡೆದ ಹ್ಯಾಂಬಲ್ಟೋನಿಯನ್ ಪಂದ್ಯ ಇವೆರಡೂ ಮೂರು ವರ್ಷದ ಕುದುರೆಗಳಿಗೆ ಮೀಸಲು. ಹ್ಯಾಂಬಲ್ಟೋನಿಯನ್‌ನ ಮೊದಲ ವರ್ಷದ ಬಹುಮಾನದ ಮೊತ್ತವೇ 73,000 ಡಾಲರಿಗೂ ಹೆಚ್ಚು. 1981ರಿಂದ ಅದು ನ್ಯೂಜೆರ್ಸಿಯ ಮೆಡೋಲ್ಯಾಂಡ್ಸ್‌ನಲ್ಲಿ ನಡೆಯುತ್ತಿದೆ. 1940ರಲ್ಲಿ ನ್ಯೂಯಾರ್ಕ್ ಬಳಿ ರೂಸ್‌ವೆಲ್ಟ್ ರೇಸ್‌ವೇ ಎಂಬಲ್ಲಿ ವಿದ್ಯುದ್ದೀಪದ ಬೆಳಕಿನಲ್ಲಿ ರಾತ್ರಿಯ ಪಂದ್ಯಗಳು ಪ್ರಾರಂಭವಾದ ನಂತರ ಬಾಜಿಯ ಹಣ ಹೊಳೆಯಾಗಿ ಹರಿಯಿತು. 1961ರಲ್ಲಿ ನ್ಯೂಯಾರ್ಕ್ ರಾಜ್ಯವು ಆರಂಭಿಸಿದ ಸೈರ್ ಸ್ಟೇಕ್ಸ್ ಯೋಜನೆ ಎರಡು ಮತ್ತು ಮೂರು ವರ್ಷದ ಕುದುರೆಗಳಿಗೇ ಬಹುಮಾನಗಳನ್ನು ಮೀಸಲಿಟ್ಟಿತು.

ಉತ್ತರ ಅಮೆರಿಕದ ಪಂದ್ಯದ ಲೆಕ್ಕದಲ್ಲಿ ಕುದುರೆಗಳೆಲ್ಲಕ್ಕೂ ಜನವರಿ 1ರಂದೇ ವಯಸ್ಸು ಏರುತ್ತದೆ. ಜನವರಿಯಲ್ಲಿ ಹುಟ್ಟಿದ ಮರಿಯೂ ಮೇ ತಿಂಗಳಲ್ಲಿ ಹುಟ್ಟಿದ ಮರಿಯೂ ಒಂದೇ ದಿನ ಎರಡು ವರ್ಷದವಾಗುತ್ತವೆ. ಶರತ್ಕಾಲದಲ್ಲಿ ಒಂದೂವರೆ ವರ್ಷದ ಮರಿಗಳ ಹರಾಜು. ಕೊಂಡು ತಂದ ಕೂಡಲೇ ಕಡಿವಾಣ, ಸಜ್ಜು, ಉದ್ದ ಲಗಾಮು, ಕೆಲವು ದಿನಗಳಲ್ಲಿ ಗಾಡಿ. ಚಳಿಗಾಲವೆಲ್ಲ ನಿಧಾನದ ಓಟ, ವಸಂತದಲ್ಲಿ ವೇಗ, ಬೇಸಗೆಯಲ್ಲಿ ಪಂದ್ಯ. ಈ ಪಂಚಾಂಗದಲ್ಲಿ ನಿಧಾನವಾಗಿ ಬೆಳೆಯುವ ಮರಿಗೆ ಸ್ಥಳವಿಲ್ಲ. ಅದು ನಾಲ್ಕನೆಯ ವರ್ಷಕ್ಕೆ ಸಿದ್ಧವಾಗುವಷ್ಟರಲ್ಲಿ ದೊಡ್ಡ ಬಹುಮಾನಗಳ ಬಾಗಿಲು ಮುಚ್ಚಿರುತ್ತದೆ. ಒಡೆಯನು ಸ್ವಭಾವತಃ ಕ್ರೂರಿಯಾಗಿರಬೇಕಾಗಿಲ್ಲ. ಕಾಯುವುದು ನಷ್ಟವೆಂಬ ಲೆಕ್ಕವೊಂದೇ ಸಾಕು.

ಇದು ಅನಿವಾರ್ಯವಲ್ಲವೆಂಬುದಕ್ಕೆ ಫ್ರಾನ್ಸ್ ದೇಶವೇ ಸಾಕ್ಷಿ. ಪ್ಯಾರಿಸ್ ಬಳಿಯ ವ್ಯಾನ್ಸೆನ್ ಪಂದ್ಯಭೂಮಿಯಲ್ಲಿ 1920ರಿಂದ ನಡೆಯುತ್ತಿರುವ ಪ್ರೀ ದಮೇರಿಕ್ ಎಂಬ ಮಹಾಪಂದ್ಯದಲ್ಲಿ ಇಂದು ನಾಲ್ಕರಿಂದ ಹತ್ತು ವರ್ಷದವರೆಗಿನ ಕುದುರೆಗಳು ಭಾಗವಹಿಸುತ್ತವೆ. ಬೆಲ್ಲಿನೋ ಎಂಬ ಕುದುರೆ ತನ್ನ ಎಂಟು, ಒಂಬತ್ತು, ಹತ್ತನೆಯ ವಯಸ್ಸುಗಳಲ್ಲಿ, 1975ರಿಂದ 1977ರವರೆಗೆ, ಇದನ್ನು ಸತತವಾಗಿ ಗೆದ್ದಿತು. ಊರಾಸಿ ಎಂಬ ಕುದುರೆ ನಾಲ್ಕನೆಯ ಬಾರಿ ಗೆದ್ದದ್ದು 1990ರಲ್ಲಿ, ಹತ್ತನೆಯ ವಯಸ್ಸಿನಲ್ಲಿ. ಪ್ರೌಢ ಕುದುರೆಗೆ ದೊಡ್ಡ ಬಹುಮಾನವಿರುವಲ್ಲಿ ಒಡೆಯನಿಗೆ ಕಾಯುವುದೂ ಲಾಭವೇ ಆಗುತ್ತದೆ. ಅಮೆರಿಕದಲ್ಲಿಯೂ ಗ್ರೇಹೌಂಡ್ ಎಂಬ ಕುದುರೆ 1935ರಲ್ಲಿ ಹ್ಯಾಂಬಲ್ಟೋನಿಯನ್ ಗೆದ್ದದ್ದು ಹೌದಾದರೂ, ಅದರ 1 ನಿಮಿಷ 55¼ ಸೆಕೆಂಡುಗಳ ಶ್ರೇಷ್ಠ ಓಟ ಬಂದದ್ದು 1938ರಲ್ಲಿ, ಆರನೆಯ ವಯಸ್ಸಿನಲ್ಲಿ. ಆ ದಾಖಲೆ 1969ರವರೆಗೆ ಉಳಿಯಿತು. ಗ್ರೇಹೌಂಡ್ 32 ವರ್ಷ ಬದುಕಿತು. ಅದರ ಬೀಜ ಒಡೆಸಲಾಗಿದ್ದುದರಿಂದ ಸಂತಾನೋತ್ಪತ್ತಿಗಾಗಿ ಬೇಗ ನಿವೃತ್ತಿಗೊಳಿಸುವ ಪ್ರಶ್ನೆ ಬರಲಿಲ್ಲ. ಆ ಶಸ್ತ್ರಕ್ರಿಯೆಯೂ ಮನುಷ್ಯನ ಅನುಕೂಲಕ್ಕಾಗಿಯೇ ಎಂಬುದನ್ನು ಮರೆಯುವಂತಿಲ್ಲ.

ಎಲುಬಿನ ಸಾಕ್ಷ್ಯ

ಹಾಗಾದರೆ ಕುದುರೆಮರಿಯನ್ನು ಎಷ್ಟು ಬೇಗ ಪಳಗಿಸಬಹುದು? ಪ್ರಾಣಿವೈದ್ಯಶಾಸ್ತ್ರದ ಉತ್ತರ ಎರಡು ಪಕ್ಷಗಳಿಗೂ ಪೂರ್ಣ ಸಮಾಧಾನ ಕೊಡುವುದಿಲ್ಲ.

ಕುದುರೆಯ ಎಲುಬುಗಳ ತುದಿಗಳಲ್ಲಿ ಬೆಳವಣಿಗೆಯ ಮೃದ್ವಸ್ಥಿಯ ಪಟ್ಟಿಗಳಿರುತ್ತವೆ. ಇವು ಗಟ್ಟಿಯಾದ ಮೇಲೆಯೇ ಆ ಎಲುಬು ಪೂರ್ತಿ ಬೆಳೆದಂತೆ. ಕಾಲಿನ ಕೆಳಭಾಗದ ಎಲುಬುಗಳಲ್ಲಿ ಇದು ಮೊದಲ ವರ್ಷದಲ್ಲೇ ಮುಗಿಯುತ್ತದೆ. ಮುಂಗಾಲಿನ ಮಂಡಿಯ ಮೇಲ್ಭಾಗದಲ್ಲಿ ಸುಮಾರು ಎರಡರಿಂದ ಎರಡೂವರೆ ವರ್ಷ ಹಿಡಿಯುತ್ತದೆ. ಬೆನ್ನೆಲುಬಿನಲ್ಲಿ ಐದು ವರ್ಷ ಅಥವಾ ಇನ್ನೂ ತಡವಾಗುವುದುಂಟು. ಬಾಯಿಯೂ ಇದೇ ಕಥೆಯನ್ನು ಹೇಳುತ್ತದೆ. ಮುಂಭಾಗದ ಹಾಲುಹಲ್ಲುಗಳು ಎರಡೂವರೆ, ಮೂರೂವರೆ, ನಾಲ್ಕೂವರೆ ವರ್ಷಗಳಲ್ಲಿ ಜೋಡಿಜೋಡಿಯಾಗಿ ಬಿದ್ದು ಹೊಸವು ಬರುತ್ತವೆ. ಐದನೆಯ ವಯಸ್ಸಿಗೆ ಬಾಯಿ ತುಂಬುತ್ತದೆ. ದವಡೆಹಲ್ಲು ಬದಲಾಗುವ ದಿನಗಳಲ್ಲಿ ಕಡಿವಾಣದೊಡನೆ ಹೋರಾಡುವ ಮರಿಯನ್ನು ಹಟಮಾರಿಯೆಂದು ಶಿಕ್ಷಿಸಿದರೆ ನೋವಿಗಾಗಿ ದಂಡಿಸಿದಂತಾಗುತ್ತದೆ.

ಇನ್ನೊಂದು ಮುಖವೂ ಉಂಟು. ಎಲುಬು ನಿರ್ಜೀವವಾದ ಕಂಬವಲ್ಲ. ತನ್ನ ಮೇಲೆ ಬೀಳುವ ಒತ್ತಡಕ್ಕೆ ತಕ್ಕಂತೆ ಅದು ತನ್ನನ್ನು ಕಟ್ಟಿಕೊಳ್ಳುತ್ತದೆ. ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವುಲ್ಫ್ 1892ರಲ್ಲಿ ಪ್ರತಿಪಾದಿಸಿದ ಈ ತತ್ತ್ವವನ್ನು ನಂತರದ ಸಂಶೋಧನೆಗಳು ಮೂಲತಃ ಸಮರ್ಥಿಸಿವೆ. ಲಾಯದಲ್ಲೇ ಕಟ್ಟಿಹಾಕಿದ ಮರಿಯ ಎಲುಬು ದುರ್ಬಲವಾಗುತ್ತದೆ. ಬಯಲಿನಲ್ಲಿ ಓಡಾಡುವ, ಅಲ್ಪ ದೂರವನ್ನು ಆಗಾಗ ವೇಗವಾಗಿ ಓಡುವ ಮರಿಯ ಎಲುಬು ಗಟ್ಟಿಯಾಗುತ್ತದೆ. ನಾಗಾಲೋಟದ ಪಂದ್ಯದ ಕುದುರೆಗಳನ್ನು ಕುರಿತು ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ನಡೆದ ಅಧ್ಯಯನಗಳು ಎರಡನೆಯ ವಯಸ್ಸಿನಲ್ಲಿ ಅಭ್ಯಾಸ ಆರಂಭಿಸಿದ ಕುದುರೆಗಳು ಇತರ ಕುದುರೆಗಳಿಗಿಂತ ಕಡಿಮೆ ಕಾಲ ಓಡಿದುವೆಂದು ತೋರಿಸಿಲ್ಲ. ಆದರೆ ಸಹಜವಾಗಿ ಸದೃಢವಾದ ಮರಿಗಳನ್ನೇ ಬೇಗ ಆರಂಭಿಸುತ್ತಾರೆಂಬುದನ್ನೂ ನೆನಪಿಡಬೇಕು. ದುರ್ಬಲವಾದವು ಆ ಎಣಿಕೆಗೆ ಬರುವ ಮೊದಲೇ ಹೊರಬಿದ್ದಿರುತ್ತವೆ. ಗಾಡಿಕುದುರೆಯ ಬೆನ್ನ ಮೇಲೆ ಸವಾರನ ಭಾರವಿಲ್ಲದಿರುವುದೂ ಒಂದು ವ್ಯತ್ಯಾಸ.

ಇವೆಲ್ಲವನ್ನೂ ಕೂಡಿಸಿ ನೋಡಿದರೆ ವುಡ್ರಫ್‌ನೂ ಸ್ಟ್ಯಾನ್‌ಫರ್ಡ್‌ನೂ ಅರ್ಧರ್ಧ ಸತ್ಯವನ್ನು ಕಂಡಿದ್ದರೆಂದು ತಿಳಿಯುತ್ತದೆ. ಕಲಿಕೆಯನ್ನು ಬೇಗ ಆರಂಭಿಸುವುದರಲ್ಲಿ ದೋಷವಿಲ್ಲ. ಮುಟ್ಟುವುದು, ಗೊರಸು ಎತ್ತಿಸುವುದು, ಹಗ್ಗದಲ್ಲಿ ನಡೆಸುವುದು, ಗಾಡಿಯ ಸದ್ದಿಗೆ ಒಗ್ಗಿಸುವುದು, ಸ್ವತಂತ್ರವಾಗಿ ಓಡಲು ಬಿಡುವುದು ಇವೆಲ್ಲ ಎಳೆಯ ವಯಸ್ಸಿಗೆ ಹಿತವೇ. ದೋಷವಿರುವುದು ಫಲವನ್ನು ಬೇಗ ಕೇಳುವುದರಲ್ಲಿ. ಯಾವಾಗ ಆರಂಭಿಸಬೇಕು ಎಂಬುದು ಒಂದು ಪ್ರಶ್ನೆ. ಯಾವಾಗ ಪೂರ್ಣಶಕ್ತಿಯನ್ನು ಕೇಳಬೇಕು ಎಂಬುದು ಬೇರೊಂದು ಪ್ರಶ್ನೆ. ಇವೆರಡನ್ನೂ ಒಂದೆಂದು ಭ್ರಮಿಸಿದಲ್ಲೇ ಅನರ್ಥ ಹುಟ್ಟಿತು. ಮೊದಲನೆಯದಕ್ಕೆ ಶಿಕ್ಷಕನು ಉತ್ತರ ಹೇಳಬಹುದು. ಎರಡನೆಯದಕ್ಕೆ ಉತ್ತರ ಹೇಳಬೇಕಾದುದು ಆ ಮರಿಯ ದೇಹ. ಮೇವು ಬಿಡುವುದು, ಮೊಣಕಾಲು ಬಿಸಿಯಾಗುವುದು, ನಡೆ ತಪ್ಪುವುದು, ಸಜ್ಜು ಕಂಡರೆ ಹಿಂದೆ ಸರಿಯುವುದು ಇವೇ ಅದರ ಭಾಷೆ.

ಅತಿವಾಹನ

ಗೃಹಸ್ಥನ ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳನ್ನು ನಮ್ಮ ಆಚಾರ್ಯರು ಹೇಳಿದ್ದಾರೆ. ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಛೇದಿಸುವುದು, ಮಿತಿಮೀರಿದ ಭಾರವನ್ನು ಹೇರುವುದು, ಅನ್ನನೀರುಗಳನ್ನು ತಡೆಯುವುದು. ಉಮಾಸ್ವಾಮಿಗಳ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಇವು ಬರುತ್ತವೆ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಇವೆಲ್ಲವೂ ಸಾಕಿದ ಪ್ರಾಣಿಯ ಒಡೆಯನು ನಿತ್ಯ ಮಾಡಬಹುದಾದ ತಪ್ಪುಗಳು. ಕಾಡಿನ ಬೇಟೆಗಾರನನ್ನು ಕುರಿತ ಮಾತಲ್ಲ, ಕೊಟ್ಟಿಗೆಯ ಯಜಮಾನನನ್ನು ಕುರಿತ ಮಾತು.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಾರೆ. ಅತಿಭಾರದ ದೋಷವನ್ನು ಅವರು ಅಹಿಂಸೆಯ ಪ್ರಕರಣದಲ್ಲಿ ಹೇಳಿದ್ದಲ್ಲದೆ ಪರಿಗ್ರಹಪರಿಮಾಣದ ಪ್ರಕರಣದಲ್ಲಿಯೂ ಹೇಳಿದ್ದಾರೆ. ಅಲ್ಲಿನ ಐದು ಅತಿಚಾರಗಳಲ್ಲಿ ಮೊದಲನೆಯದೇ ಅತಿವಾಹನ, ಕೊನೆಯದು ಅತಿಭಾರವಹನ. ಲೋಭದಿಂದ ಪ್ರಾಣಿಯನ್ನು ಅದರ ಶಕ್ತಿ ಮೀರಿ ನಡೆಸುವುದು ಅತಿವಾಹನ. ಪ್ರಾಣಿಯನ್ನು ಮೀರಿ ಓಡಿಸುವುದಕ್ಕೆ ಕೋಪವೇ ಕಾರಣವಾಗಬೇಕಿಲ್ಲ, ಆಸೆಯೂ ಕಾರಣವಾಗುತ್ತದೆ ಎಂಬ ಈ ವಿವೇಚನೆ ಎಷ್ಟು ಸೂಕ್ಷ್ಮವಾದುದೆಂಬುದಕ್ಕೆ ಗಾಡಿಕುದುರೆಯ ಚರಿತ್ರೆಯೇ ವ್ಯಾಖ್ಯಾನದಂತಿದೆ. ಪಾಲೊ ಆಲ್ಟೊದ ಲಾಯದಲ್ಲಿ ಬೈಗುಳವಿರಲಿಲ್ಲ, ಪೆಟ್ಟಿರಲಿಲ್ಲ. ಆದರೂ ಒಂದು ವರ್ಷದ ಮರಿ ಗಡಿಯಾರದೆದುರು ಮೈಲಿ ಓಡಬೇಕಾಯಿತು. ಭಾರವೆಂದರೆ ಬೆನ್ನ ಮೇಲಿನ ಮೂಟೆ ಮಾತ್ರವಲ್ಲ. ಬೆಳೆಯುವುದಕ್ಕೆ ಬೇಕಾದ ಕಾಲವನ್ನು ಕಸಿದುಕೊಳ್ಳುವುದೂ ಭಾರವೇ.

ನಮ್ಮ ನಾಡಿನ ರೈತರಿಗೆ ಈ ವಿವೇಕ ಹೊಸದಲ್ಲ. ಹೋರಿಯನ್ನು ಕೊಳ್ಳುವಾಗ ಬಾಯಿ ತೆರೆದು ಎರಡು ಹಲ್ಲೋ ನಾಲ್ಕು ಹಲ್ಲೋ ಎಂದು ಎಣಿಸುವುದು ಬೆಲೆಗಾಗಿ ಮಾತ್ರವಲ್ಲ, ನೊಗಕ್ಕೆ ಹೂಡುವ ಕಾಲ ಬಂದಿದೆಯೇ ಎಂದು ತಿಳಿಯುವುದಕ್ಕಾಗಿ. ಎಳೆಯ ಹೋರಿಯನ್ನು ಪಳಗಿದ ಎತ್ತಿನ ಜೊತೆಗೆ ಕಟ್ಟಿ, ಮೊದಲು ಬರಿಯ ನೊಗದಲ್ಲಿ ನಡೆಸಿ, ಬಳಿಕ ಹಗುರ ಕೆಲಸಕ್ಕೆ ಹೂಡುವವರು ಹಳ್ಳಿಗಳಲ್ಲಿ ಎಂದೂ ಇದ್ದರು. ಅವರು ಕಲಿಕೆಗೂ ದುಡಿಮೆಗೂ ಇರುವ ಅಂತರವನ್ನು ಅರಿತವರು.

ಶ್ರಾವಕರ ಮನೆಗಳಲ್ಲಿ ಇಂದು ಕುದುರೆ ಸಾಕುವವರು ವಿರಳ. ಬಾಜಿ ಕಟ್ಟುವುದಂತೂ ಸಪ್ತವ್ಯಸನಗಳಲ್ಲಿ ಮೊದಲಿನದಾದ ದ್ಯೂತ. ಹೀಗಿರುವಾಗ ಈ ಚರಿತ್ರೆ ದೂರದ್ದೆಂದು ತೋರಬಹುದು. ಆದರೆ ಉತ್ಸವದ ಮೆರವಣಿಗೆಗೆ, ಮದುವೆಯ ದಿಬ್ಬಣಕ್ಕೆ ಕುದುರೆಯನ್ನು ಬಾಡಿಗೆಗೆ ತರುವುದುಂಟು. ಆ ಒಂದು ದಿನದ ಮಟ್ಟಿಗೆ ಅದರ ಹೊಣೆ ತರಿಸಿದವರದೇ. ಅದರ ವಯಸ್ಸೆಷ್ಟು, ಮುಂಜಾನೆಯಿಂದ ಎಷ್ಟು ಹೊತ್ತು ನಿಂತಿದೆ, ನೀರು ಕುಡಿದಿದೆಯೇ, ವಾದ್ಯದ ಸದ್ದಿಗೆ ಒಗ್ಗಿದೆಯೇ ಎಂದು ಕೇಳುವುದಕ್ಕೆ ಹೆಚ್ಚು ಹೊತ್ತು ಬೇಕಾಗದು. ಎಳೆಯ ಮರಿಯನ್ನು ತಂದು ನಿಲ್ಲಿಸಿದ್ದರೆ ಮರಳಿ ಕಳುಹಿಸುವ ಅಧಿಕಾರ ಧರ್ಮದರ್ಶಿಗಳಿಗೂ ಮನೆಯ ಹಿರಿಯರಿಗೂ ಇದ್ದೇ ಇದೆ. ಮೂರನೆಯ ತೀರ್ಥಂಕರರಾದ ಸಂಭವನಾಥ ಸ್ವಾಮಿಯ ಪೀಠದಲ್ಲಿ ಕುದುರೆಯನ್ನು ಲಾಂಛನವಾಗಿ ಕಂಡು ಕೈಮುಗಿಯುವವರು ಬಾಗಿಲಲ್ಲಿ ನಿಂತ ಕುದುರೆಯ ಬಾಯನ್ನೂ ಕಾಲನ್ನೂ ಒಮ್ಮೆ ನೋಡುವುದು ಉಚಿತ.

ಗೋಲ್ಡ್‌ಸ್ಮಿತ್ ಮೇಯ್ಡ್ ಇಪ್ಪತ್ತನೆಯ ವಯಸ್ಸಿನವರೆಗೂ ಓಡಿತೆಂಬುದನ್ನು ಅದರ ಶಕ್ತಿಯ ಪವಾಡವೆಂದು ಅಂದಿನವರು ಹೊಗಳಿದರು. ಅದರ ಮೊದಲ ಎಂಟು ವರ್ಷಗಳಲ್ಲಿ ಯಾರಿಗೂ ಅದರಿಂದ ಏನೂ ಬೇಕಾಗಿರಲಿಲ್ಲ ಎಂಬುದನ್ನು ಹೊಗಳಿದವರು ಕಡಿಮೆ.